ತಡವಾದ ಮದುವೆ: ಆಯ್ಕೆಯೋ, ಅನಿವಾರ್ಯವೋ?



ಬೆಳಗಾವಿಯ ವಡಗಾವಿ ನೇಕಾರರ ಬಡಾವಣೆ. ಮಗ್ಗದ ಸದ್ದು ಕೇಳುವ ಅಲ್ಲಿನ ಗಲ್ಲಿಯೊಂದರಲ್ಲಿ ಒಂದು ಮುಸ್ಲಿಂ ಕುಟುಂಬವಿದೆ ಎಂದು ಊಹಿಸಿಕೊಳ್ಳಿ. ಅಜ್ಜಿಯ ನಿಕಾಹ್ ಹದಿನೈದನೆಯ ವಯಸ್ಸಿನಲ್ಲಿ ಆಯಿತು, ತಾಯಿಯದು ಹತ್ತೊಂಬತ್ತರಲ್ಲಿ. ಮಗಳಿಗೆ ಈಗ ಇಪ್ಪತ್ಮೂರು, ಬಿ.ಇಡಿ. ಓದುತ್ತಿದ್ದಾಳೆ. ಅವಳ ಅಣ್ಣನಿಗೆ ಇಪ್ಪತ್ತೊಂಬತ್ತು, ಮಗ್ಗದ ಕೆಲಸ. ಅವನಿಗೂ ಮದುವೆಯಾಗಿಲ್ಲ. “ಇಬ್ಬರದೂ ತಡವಾಯಿತು” ಎನ್ನುತ್ತಾರೆ ನೆರೆಯವರು. ಆದರೆ ಈ ಎರಡು ತಡಗಳೂ ಒಂದೇ ಬಗೆಯವೇ?

ಕಾನೂನು ಏನು ಹೇಳುತ್ತದೆ?

ಇಸ್ಲಾಮಿನಲ್ಲಿ ನಿಕಾಹ್ ಒಂದು ಒಪ್ಪಂದ. ಪ್ರಸ್ತಾಪ, ‘ಕಬೂಲ್’ ಎಂಬ ಒಪ್ಪಿಗೆ, ಸಾಕ್ಷಿಗಳು ಮತ್ತು ವರನು ವಧುವಿಗೆ ಕೊಡಬೇಕಾದ ಮಹರ್ ಇದರ ಮುಖ್ಯ ಅಂಗಗಳು. ಇಂತಿಷ್ಟು ವಯಸ್ಸಿನೊಳಗೆ ಮದುವೆ ಆಗಲೇಬೇಕೆಂಬ ಗಡುವು ಇದರಲ್ಲಿಲ್ಲ.

ಕನಿಷ್ಠ ವಯಸ್ಸನ್ನು ಮಾತ್ರ ದೇಶದ ಕಾನೂನು ಗೊತ್ತುಪಡಿಸಿದೆ. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತ್ತು. 1978ರಲ್ಲಿ ಅದು 18 ಮತ್ತು 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಮುಸ್ಲಿಂ ಹುಡುಗಿಯರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ನೀಡಿತು.

ಓದು ತಂದ ಬದಲಾವಣೆ

ಕನ್ನಡದ ಇಬ್ಬರು ಲೇಖಕಿಯರ ಬದುಕನ್ನೇ ನೋಡಿ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಶಾಲೆ ಮುಗಿದ ಬಳಿಕ ಮದುವೆಯಾಯಿತು. ಮುಂದೆ ಓದುವ ಆಸೆ ಆಗ ಕೈಗೂಡಲಿಲ್ಲ. ಹಾಸನದಲ್ಲಿ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಕಾಲೇಜು ಮೆಟ್ಟಿಲು ಹತ್ತಿದರು. 26ನೆಯ ವಯಸ್ಸಿನಲ್ಲಿ ತಾವೇ ಮೆಚ್ಚಿದವರನ್ನು ವರಿಸಿದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವರು ಇವರೇ.

ಅಂದು ಅಪರೂಪವಾಗಿದ್ದುದು ಇಂದು ಅಷ್ಟು ಅಪರೂಪವಲ್ಲ. ದೇಶದ ಎಲ್ಲ ಸಮುದಾಯಗಳನ್ನೂ ಒಟ್ಟಾಗಿ ನೋಡಿದರೆ, 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2005-06ರಲ್ಲಿ ನೂರಕ್ಕೆ 47 ಮಂದಿ ಇದ್ದರು. 2019-21ರಲ್ಲಿ 23 ಮಂದಿ. ನಮ್ಮ ಬಿ.ಇಡಿ. ವಿದ್ಯಾರ್ಥಿನಿಯ ತಡ ಈ ಬಗೆಯದು. ಅದು ಅವಳ ಆಯ್ಕೆ.

ಕಾಯಲೇಬೇಕಾದವರು

ಅಣ್ಣನ ಕಥೆ ಬೇರೆ. ಸೀರೆಗೆ ಬೇಡಿಕೆ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇರುವುದು ಎರಡು ಕೋಣೆ, ಒಂದರಲ್ಲಿ ಮಗ್ಗ. ತಂಗಿಯ ಮದುವೆಗೆ ಮೊದಲು ತನ್ನದು ಬೇಡ ಎನ್ನುತ್ತಾನೆ. ಆ ಮದುವೆಗೋ ಸಾಲ ಬೇಕು. ಹೀಗೆ ಒಬ್ಬರ ಓದು ಇನ್ನೊಬ್ಬರ ಕಾಯುವಿಕೆಯಾಗುತ್ತದೆ. “ಅಣ್ಣನಿಗಾಗಿಯಾದರೂ ಒಪ್ಪಿಕೋ” ಎಂಬ ಒತ್ತಾಯ ಅವಳ ಮೇಲೆ ಬೀಳುತ್ತದೆ.

ಇದು ವಡಗಾವಿಯ ಸಮಸ್ಯೆ ಮಾತ್ರವಲ್ಲ. ಈಜಿಪ್ಟಿನಲ್ಲಿ ವರನ ಕಡೆಯವರು ಮೊದಲು ಮನೆ ಹೊಂದಿಸಬೇಕೆಂಬ ನಿರೀಕ್ಷೆಯಿದೆ. ಪದವಿ ಪಡೆದರೂ ಕೆಲಸ ಸಿಗದ ತರುಣರು ಅಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ಶ್ರೀಮಂತ ಸಂಯುಕ್ತ ಅರಬ್ ಎಮಿರೇಟ್ಸ್ ಕೂಡ ಮದುವೆಯ ವೆಚ್ಚಕ್ಕೆ ನೆರವಾಗಲು 1992ರಲ್ಲಿ ವಿವಾಹ ನಿಧಿಯನ್ನೇ ಸ್ಥಾಪಿಸಿತು. ಇಂಡೋನೇಷ್ಯಾ 2019ರಲ್ಲಿ ಹುಡುಗಿಯರ ಕನಿಷ್ಠ ವಯಸ್ಸನ್ನು 16ರಿಂದ 19ಕ್ಕೆ ಏರಿಸಿತು. ಒಂದೆಡೆ ಬೇಗನೆ ಆಗುವ ಮದುವೆಯನ್ನು ತಡೆಯುವ ಯತ್ನ, ಇನ್ನೊಂದೆಡೆ ಆಗದೇ ಉಳಿದ ಮದುವೆಗೆ ನೆರವು!

ಇಲ್ಲಿ ಒಂದು ಮಾತು ಗಮನಿಸಿ. ಶಾದಿಮಹಲಿನ ಬಾಡಿಗೆ, ದೊಡ್ಡ ಔತಣ, ಜಹೇಜ್ ಇವು ಯಾವುವೂ ನಿಕಾಹ್‌ನ ಷರತ್ತುಗಳಲ್ಲ. ವರದಕ್ಷಿಣೆಯಂತೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಅಣ್ಣನನ್ನು ಕಾಯಿಸುತ್ತಿರುವುದರಲ್ಲಿ ಬಹುಪಾಲು ರೂಢಿಯ ಹೊರೆ. ಅದನ್ನು ಇಳಿಸಲು ಸಾಧ್ಯವಿದೆ.

ಚರ್ಚೆಗೆ ಮುನ್ನ

ಹಾಗಾದರೆ ತಡವಾದ ಮದುವೆ ಒಳ್ಳೆಯದೋ ಕೆಟ್ಟದ್ದೋ? ವಯಸ್ಸನ್ನಷ್ಟೇ ಎಣಿಸಿದರೆ ಉತ್ತರ ಸಿಗದು. ಆ ತಡವನ್ನು ನಿರ್ಧರಿಸಿದವರು ಯಾರು ಎಂದು ಕೇಳಬೇಕು. ನಿಮ್ಮ ಮನೆಯ ಮೂರು ತಲೆಮಾರಿನವರ ಮದುವೆಯ ವಯಸ್ಸನ್ನು ಬರೆದಿಡಿ. ಪ್ರತಿಯೊಂದರ ಮುಂದೆ, ‘ನಿಮ್ಮ ಅಭಿಪ್ರಾಯ ಕೇಳಿದ್ದರೇ?’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನೂ ಸೇರಿಸಿ. ‘ಕಬೂಲ್’ ಎಂಬ ಮಾತಿಗೆ ಬೆಲೆ ಬರುವುದು, ‘ಈಗ ಬೇಡ’ ಎನ್ನಲೂ ಅವಕಾಶವಿದ್ದಾಗ ಮಾತ್ರ.