ಒಂದು ಮಾತ್ರೆಯ ಹಿಂದಿನ ನಾಲ್ವತ್ತು ವರ್ಷ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕೈಚೆಲ್ಲಿ ಕೂಡುವ ಕಾಲವು ಪೂರ್ತಿ ಕಳೆಯಿತೆಂದು ನಾವು ಹೇಳಲಾರೆವು. ಆದರೆ ಆ ರೋಗದ ಒಂದು ಬಗೆಯ ಮಟ್ಟಿಗಾದರೂ ಸ್ಥಿತಿಯು ಒಂದು ತಲೆಮಾರಿನೊಳಗೆ ಬದಲಾಗಿದೆ. ರಕ್ತದ ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ, ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ ಎಂದು ವೈದ್ಯರು ಕರೆಯುವ ಬೇನೆಯು ತಗಲಿದವರು ಹಿಂದೆ ಸಾಮಾನ್ಯವಾಗಿ ನಾಲ್ಕೈದು ವರ್ಷಗಳಿಗಿಂತ ಹೆಚ್ಚು ಬಾಳುತ್ತಿರಲಿಲ್ಲ. ಇಂದು ಅವರಲ್ಲಿ ಬಹುಮಂದಿ ದಿನಕ್ಕೊಮ್ಮೆ ಔಷಧ ನುಂಗಿ, ತಮ್ಮ ಉದ್ಯೋಗಕ್ಕೆ ಹೋಗಿಬಂದು, ಮಕ್ಕಳ ಮದುವೆ ಮಾಡುತ್ತಿದ್ದಾರೆ. ಆ ಔಷಧದ ಹೆಸರು ಇಮ್ಯಾಟಿನಿಬ್. ಅದು ಯಾರ ದುಡಿಮೆಯಿಂದ ಹುಟ್ಟಿತು, ನಮ್ಮ ದೇಶದ ಬಡವನ ಕೈಗೆ ಹೇಗೆ ಎಟುಕಿತು ಎಂಬದನ್ನು ವಾಚಕರು ತಿಳಿಯುವದು ಅವಶ್ಯವೆಂದು ನಮಗೆ ತೋರುತ್ತದೆ. ಯಾಕಂದರೆ ಇದು ವೈದ್ಯರಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಜ್ಞಾನದ ಫಲವು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಯು ಇದರಲ್ಲಿ ಅಡಗಿದೆ.

ಈ ಸಂಶೋಧನೆಯ ಮೊದಲ ಹೆಜ್ಜೆಯು ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಬಿದ್ದಿತು. ಅಲ್ಲಿಯ ವಿಶ್ವವಿದ್ಯಾಲಯದ ಪೀಟರ್ ನೋವೆಲ್ ಎಂಬವರು ಲ್ಯುಕೀಮಿಯ ರೋಗಿಗಳ ರಕ್ತಕಣಗಳನ್ನು ಪರೀಕ್ಷಿಸುತ್ತಿದ್ದಾಗ ಗಾಜಿನ ಫಲಕವನ್ನು ನಲ್ಲಿಯ ನೀರಿನಿಂದ ತೊಳೆದರು. ನೀರು ಹೀರಿ ಜೀವಕಣಗಳು ಉಬ್ಬಿದವು. ಅವುಗಳೊಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿ ಎಣಿಕೆಗೆ ಸಿಕ್ಕವು. ವರ್ಣತಂತುಗಳ ಅಭ್ಯಾಸದಲ್ಲಿ ತೊಡಗಿದ್ದ ಡೇವಿಡ್ ಹಂಗರ್‌ಫರ್ಡ್ ಎಂಬವರು ಅವರ ಜತೆಗೂಡಿದರು. ಈ ರೋಗಿಗಳ ಜೀವಕಣಗಳಲ್ಲಿ ಒಂದು ವರ್ಣತಂತುವು ಅಸಹಜವಾಗಿ ಚಿಕ್ಕದಾಗಿರುತ್ತದೆಂದು ಇಬ್ಬರೂ ೧೯೬೦ರಲ್ಲಿ ಪ್ರಕಟಿಸಿದರು. ಅದಕ್ಕೆ ಆ ಊರಿನ ಹೆಸರೇ ನಿಂತಿತು.

ಆ ತುಂಡಾದ ಭಾಗವು ಎಲ್ಲಿ ಹೋಯಿತೆಂಬದು ಮಾತ್ರ ಹದಿಮೂರು ವರ್ಷ ತಿಳಿಯಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಿದ್ದ, ನಾಲ್ವರು ಮಕ್ಕಳ ತಾಯಿಯಾದ ಡಾ. ಜ್ಯಾನೆಟ್ ರೌಲಿಯವರು ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದನ್ನೊಂದಕ್ಕೆ ಹೋಲಿಸಿ ನೋಡಿದರು. ಇಪ್ಪತ್ತೆರಡನೆಯ ವರ್ಣತಂತುವಿನಿಂದ ಮುರಿದ ತುಂಡು ಒಂಬತ್ತನೆಯದಕ್ಕೆ ಹೋಗಿ ಅಂಟಿದೆಯೆಂದು ೧೯೭೩ರಲ್ಲಿ ಅವರು ಲೋಕಕ್ಕೆ ತಿಳಿಸಿದರು. ಹೀಗೆ ತುಂಡುಗಳು ಅದಲುಬದಲಾಗುವಾಗ ಎರಡು ಜೀನುಗಳ ಭಾಗಗಳು ಒಂದಾಗಿ, ಪ್ರಕೃತಿಯಲ್ಲಿಲ್ಲದ ಒಂದು ಹೊಸ ಜೀನು ಹುಟ್ಟುತ್ತದೆಂದು ೧೯೮೦ರ ದಶಕದಲ್ಲಿ ಇತರ ಸಂಶೋಧಕರು ಸ್ಥಾಪಿಸಿದರು. ಅದರಿಂದ ಹುಟ್ಟುವ ಸಸಾರಜನಕಕ್ಕೆ ಬಿಸಿಆರ್-ಏಬಲ್ ಎಂದು ಹೆಸರು. ಇಷ್ಟು ದೀರ್ಘವಾದ ಈ ದುಡಿಮೆಯಲ್ಲಿ ಮಾರಾಟದ ಮಾತೇ ಇರಲಿಲ್ಲವೆಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಸಸಾರಜನಕದ ಅಪರಾಧವೇನು? ನಮ್ಮ ಶರೀರದ ಪ್ರತಿಯೊಂದು ಜೀವಕಣವನ್ನೂ ಒಂದು ಕಚೇರಿಯೆಂದು ಭಾವಿಸೋಣ. ಹೊರಗಿನಿಂದ ಅಪ್ಪಣೆ ಬರುತ್ತದೆ; ಮೇಲಿನ ಅಧಿಕಾರಿಯು ಕಾಗದಕ್ಕೆ ಮೊಹರು ಒತ್ತಿ ಕೆಳಕ್ಕೆ ಕಳಿಸುತ್ತಾನೆ; ಮೊಹರು ಕಂಡ ಕೆಳಗಿನವನು ತನ್ನ ಮೊಹರನ್ನೊತ್ತಿ ಮುಂದಕ್ಕೆ ಕಳಿಸುತ್ತಾನೆ. ಹೀಗೆ ಸಂಕೇತವು ಕೈಯಿಂದ ಕೈಗೆ ಸಾಗಿ, ಕೊನೆಗೆ ಜೀವಕಣವು ಬೆಳೆಯುತ್ತದೆ, ಇಬ್ಬಾಗವಾಗುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಮೊಹರು ಒತ್ತುವ ಈ ಅಧಿಕಾರಿಗಳಿಗೆ ಕೈನೇಸ್ ಎಂದು ಹೆಸರು. ಅವರು ಒತ್ತುವ ಮಸಿಯೆಂದರೆ ಫಾಸ್ಫೇಟ್. ಆ ಮಸಿಯನ್ನು ಒದಗಿಸುವದು ಎಟಿಪಿ ಎಂಬ ದ್ರವ್ಯ. ಟೈರೊಸೀನ್ ಎಂಬ ಅಂಶದ ಮೇಲೂ ಇಂತಹ ಮೊಹರು ಬೀಳುತ್ತದೆಂದು ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಟೋನಿ ಹಂಟರ್ ೧೯೭೯ರಲ್ಲಿ ಕಂಡುಹಿಡಿದರು. ಏಬಲ್ ಆ ವರ್ಗಕ್ಕೇ ಸೇರಿದ ಅಧಿಕಾರಿ. ಆರೋಗ್ಯವಂತನಲ್ಲಿ ಅವನು ಅಪ್ಪಣೆ ಬಂದಾಗ ಮೊಹರೊತ್ತಿ, ಕೆಲಸ ತೀರಿದೊಡನೆ ಕೈ ಹಿಂದೆಗೆಯುವನು. ಬಿಸಿಆರ್‌ನೊಡನೆ ಕೂಡಿದ ಮೇಲೆ ಅವನ ಕೈಗೆ ತಡೆಯೇ ಇಲ್ಲ. ಅಪ್ಪಣೆಯಿರಲಿ, ಇಲ್ಲದಿರಲಿ, ಹಗಲಿರುಳು ಮೊಹರೊತ್ತುತ್ತಾನೆ. ಬಿಳಿಯ ಕಣಗಳು ಒಂದೇ ಸಮನೆ ಹೆಚ್ಚುತ್ತವೆ.

ಹಳೆಯ ಚಿಕಿತ್ಸೆಯು ಇಂತಹ ಕಚೇರಿಗೆ ಬೆಂಕಿಯಿಕ್ಕುವ ಜಾತಿಯದು. ಬೆಳೆಯುವ ಜೀವಕಣಗಳನ್ನೆಲ್ಲ ಕೊಲ್ಲುವ ಔಷಧಗಳು ರೋಗದೊಂದಿಗೆ ರೋಗಿಯನ್ನೂ ಸೊರಗಿಸುತ್ತಿದ್ದವು. ಹೊಸ ಆಲೋಚನೆಯು ಬೇರೆ: ಏಬಲ್‌ನಲ್ಲಿ ಎಟಿಪಿ ಬಂದು ಕೂಡುವ ಒಂದು ಗುಳಿಯಿದೆ, ಆ ಗುಳಿಯಲ್ಲಿ ಬಿರಡೆಯಂತೆ ಹೊಂದಿ ಕೂಡುವ ದ್ರವ್ಯವೊಂದು ಸಿಕ್ಕರೆ ಮಸಿ ದೊರೆಯದೆ ಮೊಹರು ನಿಲ್ಲುತ್ತದೆ. ಶರೀರದಲ್ಲಿ ನೂರಾರು ಕೈನೇಸುಗಳಿದ್ದು ಎಲ್ಲಕ್ಕೂ ಅದೇ ಎಟಿಪಿ ಬೇಕಾಗಿರುವಾಗ, ಒಂದೆರಡನ್ನೇ ಆರಿಸಿ ತಡೆಯುವದು ಸಾಧ್ಯವೇ ಎಂದು ತಜ್ಞರನೇಕರು ಸಂಶಯಪಟ್ಟರು. ಸ್ವಿಜರ್ಲೆಂಡಿನ ಬಾಸೆಲ್ ನಗರದ ಸಿಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಮತ್ತು ರಸಾಯನಜ್ಞರಾದ ಯೂರ್ಗ್ ತ್ಸಿಮರ್‌ಮನ್ ಅಂತಹ ದ್ರವ್ಯವನ್ನು ರಚಿಸಿದರು. ಅಮೆರಿಕದ ಆರೆಗನ್ ಪ್ರಾಂತದ ವೈದ್ಯರಾದ ಬ್ರಯನ್ ಡ್ರುಕರ್ ಅದನ್ನು ಪರೀಕ್ಷಿಸಿ, ಅದು ರೋಗಗ್ರಸ್ತ ಜೀವಕಣಗಳ ಬೆಳವಣಿಗೆಯನ್ನು ತಡೆದು, ಆರೋಗ್ಯವುಳ್ಳವುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುವದೆಂದು ಕಂಡರು. ೧೯೯೬ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು.

ಅದೇ ವರ್ಷ ಸಿಬಾ-ಗೈಗಿಯು ಇನ್ನೊಂದು ಕಂಪನಿಯೊಡನೆ ಕೂಡಿ ನೊವಾರ್ಟಿಸ್ ಆಯಿತು. ಈ ರೋಗದವರು ಕೆಲವರೇ, ಲಾಭವೂ ಅಷ್ಟಕ್ಕಷ್ಟೇ ಎಂದು ಕಂಪನಿಯು ಹಿಂದುಮುಂದು ನೋಡಿತು. ಡ್ರುಕರ್ ಬೆನ್ನು ಬಿಡಲಿಲ್ಲ. ೧೯೯೮ರ ಜೂನಿನಲ್ಲಿ ಮೊದಲ ರೋಗಿಗೆ ಔಷಧ ಕೊಡಲಾಯಿತು. ವಾರ್ತೆ ಹರಡಿದ ಮೇಲೆ ೧೯೯೯ರಲ್ಲಿ ರೋಗಿಗಳೇ ಸಾವಿರಾರು ಸಹಿ ಕೂಡಿಸಿ, ಔಷಧವನ್ನು ಹೆಚ್ಚಾಗಿ ತಯಾರಿಸಬೇಕೆಂದು ಕಂಪನಿಗೆ ಮನವಿ ಕಳಿಸಿದರು. ಬೇರೆ ಚಿಕಿತ್ಸೆ ಫಲಿಸದೆ ಹೋಗಿದ್ದ ೫೪ ಮಂದಿಗೆ ತಕ್ಕ ಪ್ರಮಾಣದಲ್ಲಿ ಔಷಧ ಕೊಟ್ಟಾಗ ೫೩ ಮಂದಿಯ ರಕ್ತವು ಸಹಜಸ್ಥಿತಿಗೆ ಬಂದಿತು. ೨೦೦೧ರ ಮೇ ೧೦ರಂದು ಅಮೆರಿಕದ ಸರಕಾರವು ಅದರ ಮಾರಾಟಕ್ಕೆ ಅನುಮತಿಯಿತ್ತಿತು.

ಇಲ್ಲಿಂದ ಮುಂದಿನ ಪ್ರಶ್ನೆಯು ಪ್ರಯೋಗಶಾಲೆಯದಲ್ಲ, ಅಂಗಡಿಯದು. ನೊವಾರ್ಟಿಸಿನ ಔಷಧಕ್ಕೆ ಭಾರತದಲ್ಲಿ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ ತೆರಬೇಕಾಗಿತ್ತು. ನಮ್ಮ ದೇಶದ ಕಂಪನಿಗಳು ತಯಾರಿಸಿದ ಅದೇ ಔಷಧವು ೮,೦೦೦ದಿಂದ ೧೦,೦೦೦ ರೂಪಾಯಿಗೆ ದೊರೆಯುತ್ತಿತ್ತು. ನಮ್ಮಲ್ಲಿ ಈ ರೋಗವು ಪಶ್ಚಿಮ ದೇಶಗಳಿಗಿಂತ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುತ್ತದೆ. ಹಾಸಿಗೆ ಹಿಡಿಯುವವನು ಎಷ್ಟೋ ಮನೆಗಳಲ್ಲಿ ದುಡಿದು ತರುವವನೇ. ಅಂತಹ ಮನೆಯವರಿಗೆ ಈ ಎರಡು ಬೆಲೆಗಳ ಅಂತರವೆಂದರೆ ಜೀವ ಮರಣಗಳ ಅಂತರ.

ನಮ್ಮ ೧೯೭೦ರ ಪೇಟೆಂಟ್ ಕಾಯಿದೆಯು ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಏಕಸ್ವಾಮ್ಯ ಕೊಡುತ್ತಿತ್ತು, ಔಷಧಕ್ಕೆ ಕೊಡುತ್ತಿರಲಿಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದದಂತೆ ೨೦೦೫ರಲ್ಲಿ ಅದನ್ನು ಬದಲಿಸಬೇಕಾಯಿತು. ಆಗ ಸಂಸತ್ತು ಮೂರನೆಯ ಕಲಮಿನ ‘ಡಿ’ ಉಪಕಲಮಿನಲ್ಲಿ ಒಂದು ಕಾವಲನ್ನಿಟ್ಟಿತು: ಬಲ್ಲ ದ್ರವ್ಯದ ಹೊಸ ರೂಪವು ಗುಣದಲ್ಲಿ ಮೇಲಾಗದ ಹೊರತು ಅದು ಹೊಸ ಆವಿಷ್ಕಾರವೆನಿಸದು. ನೊವಾರ್ಟಿಸ್ ೧೯೯೮ರಲ್ಲಿ ಚೆನ್ನೈಯ ಪೇಟೆಂಟ್ ಕಚೇರಿಗೆ ಸಲ್ಲಿಸಿದ್ದ ಅರ್ಜಿಯು ಇಮ್ಯಾಟಿನಿಬ್‌ನ ಒಂದು ಸ್ಫಟಿಕರೂಪವನ್ನು ಕುರಿತದ್ದು. ಮೂಲದ್ರವ್ಯವು ಅದಕ್ಕಿಂತ ಮುಂಚೆಯೇ ತಿಳಿದಿತ್ತು. ೨೦೦೬ರಲ್ಲಿ ಅರ್ಜಿಯು ತಿರಸ್ಕೃತವಾಯಿತು. ವ್ಯಾಜ್ಯವು ಮೆಟ್ಟಲೇರುತ್ತ ಏರುತ್ತ ಸುಪ್ರೀಂ ಕೋರ್ಟನ್ನು ಮುಟ್ಟಿತು. ೨೦೧೩ರ ಏಪ್ರಿಲ್ ೧ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ ದೇಸಾಯಿಯವರು ತೀರ್ಪಿತ್ತರು: ಔಷಧದ ವಿಷಯದಲ್ಲಿ ಗುಣವೆಂದರೆ ರೋಗ ಗುಣಪಡಿಸುವ ಶಕ್ತಿ; ಅದು ಹೆಚ್ಚಿತೆಂದು ಕಂಪನಿಯು ತೋರಿಸಿಲ್ಲ; ಆದುದರಿಂದ ಪೇಟೆಂಟ್ ಸಲ್ಲದು.

ಎದುರುಪಕ್ಷದ ಮಾತನ್ನೂ ಕೇಳುವದು ನ್ಯಾಯ. ಔಷಧಶೋಧನೆಗೆ ಅಪಾರ ಹಣ ಬೇಕು. ಪ್ರತಿಫಲವಿಲ್ಲದಿದ್ದರೆ ಯಾರು ಹೂಡುವರು? ಅಲ್ಲದೆ ಭಾರತದ ರೋಗಿಗಳಲ್ಲಿ ಬಹುಮಂದಿಗೆ ತಾವು ಧರ್ಮಾರ್ಥವಾಗಿ ಔಷಧ ಕೊಟ್ಟಿದ್ದೇವೆಂದು ಕಂಪನಿಯು ಹೇಳಿತು. ಬಾಸೆಲ್ಲಿನ ಸಂಶೋಧಕರ ಜಾಣ್ಮೆಯನ್ನು ನಾವು ಕಿರಿದು ಮಾಡುವದಿಲ್ಲ; ಪ್ರತಿಫಲಕ್ಕೆ ಅವರು ಅರ್ಹರು. ಆದರೆ ನೋವೆಲ್ಲರಿಗೂ ರೌಲಿಯವರಿಗೂ ಸಂಬಳ ಕೊಟ್ಟು ಸಾಕಿದ್ದು ವಿದ್ಯಾಸಂಸ್ಥೆಗಳು. ಪ್ರತಿಫಲದ ಲೆಕ್ಕ ಬರೆಯುವಾಗ ಅವರ ಪಾಲನ್ನು ಮರೆಯುವದು ಹೇಗೆ? ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ೩೦,೦೦೦ ಡಾಲರ್ ಇದ್ದ ಇದರ ಬೆಲೆಯು ೨೦೧೨ರ ವೇಳೆಗೆ ೯೨,೦೦೦ಕ್ಕೆ ಏರಿತು. ಇದು ಅನ್ಯಾಯವೆಂದು ಈ ರೋಗದ ನೂರಕ್ಕೂ ಹೆಚ್ಚು ತಜ್ಞರು ೨೦೧೩ರಲ್ಲಿ ಬಹಿರಂಗವಾಗಿ ಬರೆದರು. ದಾನವು ಕೊಡುವವನ ಮನಸ್ಸಿದ್ದಷ್ಟು ದಿನ; ಆಜನ್ಮ ಔಷಧ ಬೇಕಾದವನು ಅದನ್ನೇ ನಂಬಿ ಕೂಡಲಾರನು.

ಹಾಗೆಂದು ಆ ತೀರ್ಪಿನಿಂದ ನಮ್ಮ ಕರ್ತವ್ಯವು ಮುಗಿಯಲಿಲ್ಲ. ಮಾತ್ರೆಯನ್ನು ಮೇಲಿಂದ ಮೇಲೆ ತಪ್ಪಿಸಿದರೆ ರೋಗವು ಮರಳಿ ತಲೆಯೆತ್ತಬಲ್ಲದು. ಕೆಲವರಲ್ಲಿ ಏಬಲ್‌ನ ಗುಳಿಯೇ ತುಸು ರೂಪ ಬದಲಿಸಿ, ಬಿರಡೆಯು ಕೂಡದಂತಾಗುತ್ತದೆ. ಇದನ್ನು ೨೦೦೧ರಲ್ಲಿಯೇ ಕಂಡು, ಮುಂದೆ ಡಾಸಾಟಿನಿಬ್, ನಿಲೊಟಿನಿಬ್ ಮೊದಲಾದ ಬೇರೆ ಬಿರಡೆಗಳನ್ನು ರಚಿಸಿದ್ದಾರೆ. ಆದುದರಿಂದ ರೋಗದ ಅಂಶವು ರಕ್ತದಲ್ಲಿ ಎಷ್ಟುಳಿದಿದೆಯೆಂದು ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತಲೇ ಇರಬೇಕು. ಔಷಧವು ಅಗ್ಗವಾಗಿಯೂ ಈ ಪರೀಕ್ಷೆಯು ದುಬಾರಿಯಾಗಿದ್ದರೆ, ಇಲ್ಲವೆ ಅದಕ್ಕಾಗಿ ರಾಯಚೂರಿನ ಕೂಲಿಯವನು ಕೆಲಸ ಬಿಟ್ಟು ಬೆಂಗಳೂರಿಗೆ ಬರಬೇಕಾಗಿದ್ದರೆ, ಸುಪ್ರೀಂ ಕೋರ್ಟು ಕೊಟ್ಟದ್ದನ್ನು ದೂರವು ಕಸಿದುಕೊಂಡಂತಾಗುವದು. ರಕ್ತದ ಮಾದರಿಯು ಪ್ರಯಾಣ ಮಾಡಲಿ, ರೋಗಿಯು ಮಾಡುವದು ಬೇಡ. ಜಿಲ್ಲೆಯ ಆಸ್ಪತ್ರೆಗಳಲ್ಲಿ ಅದನ್ನು ತೆಗೆದು ಕಳಿಸುವ ಏರ್ಪಾಡು ಅಧಿಕಾರಿಗಳಿಗೆ ಅಸಾಧ್ಯವಾದದ್ದೆಂದು ನಾವು ನಂಬುವದಿಲ್ಲ.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಅನ್ಯರು ಕಂಡುಹಿಡಿದ ಔಷಧವನ್ನು ಅಗ್ಗವಾಗಿ ತಯಾರಿಸುವ ಕೌಶಲ್ಯವು ದೊಡ್ಡದು. ಅದರಿಂದ ನಮ್ಮ ದೇಶದಲ್ಲಿಯೂ ಹೊರಗೂ ಎಷ್ಟೋ ಪ್ರಾಣಗಳು ಉಳಿದಿವೆ. ಆದರೆ ನಲ್ಲಿಯ ನೀರಿನಿಂದ ತೊಳೆದ ಆ ಫಲಕವನ್ನು ಬಿಸಾಡದೆ ನೋಡುವಷ್ಟು ಬಿಡುವು, ಸ್ವಾತಂತ್ರ್ಯ, ಸಂಬಳ ಮೂರೂ ನೋವೆಲ್ಲರಿಗೆ ಇದ್ದವು. ಸಂಶೋಧನೆಗೆ ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಒಂದು ಪಾಲನ್ನೂ ತೆಗೆದಿಡದ ನಮ್ಮಲ್ಲಿ ಅಷ್ಟು ಬಿಡುವುಳ್ಳ ತರುಣ ಶಾಸ್ತ್ರಜ್ಞರು ಎಷ್ಟು ಮಂದಿ? ನಾಲ್ವತ್ತು ವರ್ಷ ಕಾಯುವ ತಾಳ್ಮೆಯುಳ್ಳ ಸರಕಾರ ಯಾವದು? ಮುಂದಿನ ಮುಂಗಡಪತ್ರವನ್ನು ಬರೆಯುವವರು ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಕೊಡಲೆಂದು ನಾವು ಕೇಳುತ್ತೇವೆ.