ಮಿನಿಮಮ್ ಡ್ಯೂ ಕಟ್ಟಿದ್ರೆ ಸಾಕಾ? ಉದ್ರಿ ಪುಸ್ತಕದಿಂದ ಕ್ರೆಡಿಟ್ ಕಾರ್ಡ್‌ವರೆಗೆ ಒಂದು ಲೆಕ್ಕ

ವಿಡಿಯೋದಲ್ಲಿ ಲೆಕ್ಕ ಬೇಗ ಬೇಗ ಹೇಳಿಬಿಟ್ಟೆ ಅಂತ ಕೆಲವರು ಅಂದ್ರು. ಅದಕ್ಕೇ ಇಲ್ಲಿ ನಿಧಾನಕ್ಕೆ ಬರೀತಿದ್ದೀನಿ.

ನಮ್ಮ ಟೀಮಿಗೆ ಬಾಗಲಕೋಟೆ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದಾನೆ. ಪುಣೆಗೆ ಬಂದು ಇನ್ನೂ ಆರು ತಿಂಗಳಾಗಿಲ್ಲ. ಮೊನ್ನೆ ಊಟದ ಹೊತ್ತಿಗೆ ಫೋನ್ ತೋರಿಸಿ ಕೇಳಿದ: "ಸರ್, ಕಾರ್ಡಿನ ಬಿಲ್ ಬಂದೈತ್ರಿ. ಪೂರ್ತಿ ಕಟ್ಟಬೇಕೋ, ಮಿನಿಮಮ್ ಕಟ್ಟಿದ್ರ ಸಾಕೋ? ಮಿನಿಮಮ್ ಕಟ್ಟಿದ್ರ ದಂಡ ಬೀಳೂದಿಲ್ಲಂತ?"

ದಂಡ ಬೀಳಲ್ಲ, ನಿಜ. ಆದ್ರೆ 2014ರಲ್ಲಿ ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿದಾಗ ನಾನೂ ಇಷ್ಟೇ ತಿಳ್ಕೊಂಡು ಕೂತಿದ್ದೆ. ನಾಲ್ಕು ತಿಂಗಳು ಬರೀ ಮಿನಿಮಮ್ ಕಟ್ಟಿದೆ. ಐದನೇ ತಿಂಗಳು ಊರಿಗೆ ಫೋನ್ ಮಾಡಿ, "ಅಪ್ಪಾ, ಈ ತಿಂಗಳು ದುಡ್ಡು ಕಳ್ಸಾಕ ಆಗೂದಿಲ್ಲ" ಅಂದೆ. ಯಾಕೆ ಅಂತ ಅಪ್ಪ ಕೇಳಲಿಲ್ಲ. ಆ ಸುಮ್ಮನಿದ್ದದ್ದು ಇವತ್ತಿಗೂ ನೆನಪಿದೆ.

ಕಾರ್ಡ್ ಅಂದ್ರೆ ಏನು?

ಸರಳವಾಗಿ ಹೇಳಬೇಕಂದ್ರೆ ಉದ್ರಿ. ನಮ್ಮೂರ ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಇತ್ತು. ಅದರ ಕೆಳಗೇ ಉದ್ರಿ ಪುಸ್ತಕವೂ ಇತ್ತು! ಅಪ್ಪ ತಿಂಗಳಿಡೀ ಬರೆಸಿ, ಪಗಾರ ಬಂದ ದಿನ ಮೊದಲು ಅಲ್ಲಿಗೆ ಹೋಗಿ ಪೂರ್ತಿ ಚುಕ್ತಾ ಮಾಡ್ತಿದ್ರು. ಲೆಕ್ಕ ಏರಿದ್ರೆ ಅಂಗಡಿಯವರೇ "ಈ ಸಲ ಜಾಸ್ತಿ ಆತ್ರಿ" ಅಂತ ಎಚ್ಚರಿಸೋರು. ನಾವು ಕೊಡದಿದ್ರೆ ಅವರಿಗೇ ನಷ್ಟ.

ಕಾರ್ಡ್ ಕಂಪನಿಯ ವ್ಯವಹಾರ ಬೇರೆ. ಪ್ರತಿ ತಿಂಗಳು ಪೂರ್ತಿ ಕಟ್ಟೋರನ್ನ ಅವರ ಭಾಷೆಯಲ್ಲಿ ಟ್ರಾನ್ಸಾಕ್ಟರ್ ಅಂತಾರೆ. ಬಾಕಿ ಉಳಿಸ್ಕೊಂಡು ಬಡ್ಡಿ ಕಟ್ಟೋರು ರಿವಾಲ್ವರ್. ಬಡ್ಡಿ ಆದಾಯ ಬರೋದು ಈ ಎರಡನೇ ಗುಂಪಿನಿಂದ. ಹಾಗಾಗಿ ನಿಮ್ಮ ಲೆಕ್ಕ ಏರಿದಾಗ ಯಾರೂ ಎಚ್ಚರಿಸಲ್ಲ, ಲಿಮಿಟ್ ಹೆಚ್ಚಿಸ್ತೀವಿ ಅಂತ ಮೆಸೇಜ್ ಬರುತ್ತೆ.

ಈಗ ಲೆಕ್ಕ

ನಿಮ್ಮ ಬಿಲ್ ಪ್ರತಿ ತಿಂಗಳು 15ಕ್ಕೆ ಬರುತ್ತೆ, ಕಟ್ಟೋಕೆ ಮುಂದಿನ ತಿಂಗಳು 5ರವರೆಗೆ ಸಮಯ ಅಂತಿಟ್ಕೊಳ್ಳಿ. ಮಾರ್ಚ್ 20ಕ್ಕೆ 60,000 ರೂಪಾಯಿಯ ಲ್ಯಾಪ್‌ಟಾಪ್ ತಗೊಂಡ್ರಿ. ಅದು ಏಪ್ರಿಲ್ 15ರ ಬಿಲ್ಲಿಗೆ ಬರುತ್ತೆ. ಮೇ 5ಕ್ಕೆ ಪೂರ್ತಿ ಕಟ್ಟಿದ್ರೆ 46 ದಿನ ಬೇರೆಯವರ ದುಡ್ಡು ಬಡ್ಡಿ ಇಲ್ಲದೆ ಬಳಸಿದ ಹಾಗೆ. ಅದೇ ಲ್ಯಾಪ್‌ಟಾಪನ್ನ ಏಪ್ರಿಲ್ 14ಕ್ಕೆ ತಗೊಂಡಿದ್ರೆ ಸಿಗೋದು 21 ದಿನ ಮಾತ್ರ.

ಮೇ 5ಕ್ಕೆ ನೀವು ಮಿನಿಮಮ್ ಅಂತ 5% ಮಾತ್ರ, ಅಂದ್ರೆ 3,000 ರೂಪಾಯಿ ಕಟ್ಟಿದ್ರಿ. ಉಳಿದದ್ದು 57,000. ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ 3.5% ಆಸುಪಾಸು, ಅಂದ್ರೆ ವರ್ಷಕ್ಕೆ 42%. ಈ ಬಡ್ಡಿ ಮೇ 5ರಿಂದ ಶುರುವಾಗಲ್ಲ. ನೀವು ಖರೀದಿ ಮಾಡಿದ ಮಾರ್ಚ್ 20ರಿಂದಲೇ ಶುರು. ನಾನು ಮೋಸ ಹೋಗಿದ್ದು ಇಲ್ಲೇ. ಉಳಿದ 57,000ಕ್ಕೆ ಮಾತ್ರ ಅಂತ ಹಿಡಿದರೂ, ಮೇ 15ರ ಬಿಲ್ಲಿನವರೆಗೆ 56 ದಿನಕ್ಕೆ ಬಡ್ಡಿ ಸುಮಾರು 3,670. ಬಡ್ಡಿ ಮೇಲೆ 18% ಜಿಎಸ್‌ಟಿ, ಸುಮಾರು 660. ಒಟ್ಟು 4,330.

ಕಟ್ಟಿದ್ದು 3,000, ಸೇರಿದ್ದು 4,330. 60,000 ಇದ್ದ ಸಾಲ ಈಗ 61,330!

ಅಷ್ಟಕ್ಕೇ ಮುಗಿಯಲ್ಲ. ಬಾಕಿ ಇರೋವರೆಗೂ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗಲ್ಲ. ನಾಳೆ ತಗೊಳ್ಳೋ ಹಾಲು, ತರಕಾರಿಗೂ ಅವತ್ತಿನಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದ್ರಂತೂ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಫೀಸು.

ಯುಪಿಐ ಬಂದ ಮೇಲೆ ಏನು ಬದಲಾಯ್ತು?

ಮುಂಚೆ ಕಾರ್ಡ್ ಉಜ್ಜೋ ಮಷಿನ್ ಇದ್ದದ್ದು ದೊಡ್ಡ ಅಂಗಡಿಗಳಲ್ಲಿ. ವಡಾಪಾವ್ ಗಾಡಿಯಲ್ಲಿ ಉದ್ರಿ ಸಿಗ್ತಿರಲಿಲ್ಲ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸೋಕೆ ಒಪ್ಪಿಗೆ ಕೊಡ್ತು. ಈಗ ಅದೇ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡೋದೂ ಅದೇ ಥರ. ಬ್ಯಾಂಕ್ ಖಾತೆ ಬದಲು ಕಾರ್ಡ್ ಆರಿಸಿದ್ರೆ ಆಯ್ತು. ಗೆಳೆಯನಿಗೆ ದುಡ್ಡು ಕಳಿಸೋಕೆ ಆಗಲ್ಲ, ಅಂಗಡಿಗೆ ಮಾತ್ರ.

ಕ್ಯಾಶ್‌ಬ್ಯಾಕ್ ಕೊಟ್ಟು ಇದನ್ನ ಯಾಕೆ ಇಷ್ಟು ತಳ್ಳುತ್ತಾರೆ? 2020ರ ಜನವರಿ 1ರಿಂದ ಸಾಮಾನ್ಯ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತಗೊಳ್ಳೋ ಹಾಗಿಲ್ಲ. ಕ್ರೆಡಿಟ್ ಕಾರ್ಡ್ ಮೂಲಕ ಹೋದ್ರೆ, ಸಣ್ಣ ಅಂಗಡಿಗಳ 2,000 ರೂಪಾಯಿವರೆಗಿನ ವ್ಯವಹಾರ ಬಿಟ್ಟು, ಶುಲ್ಕ ಸಿಗುತ್ತೆ. ನೀವು ಬಾಕಿ ಉಳಿಸಿದ್ರೆ ಬಡ್ಡಿ ಬೇರೆ. ಖಾತೆಯಿಂದ ಕೊಟ್ಟಾಗ ಬ್ಯಾಲೆನ್ಸ್ ಇಳಿಯೋದು ಕಾಣುತ್ತೆ, ಕೈ ಹಿಡಿಯುತ್ತೆ. ಕಾರ್ಡಲ್ಲಿ ಬಿಲ್ ಬರೋವರೆಗೂ ಏನೂ ಇಳಿಯಲ್ಲ.

ಈ ದಾರಿಯಲ್ಲಿ ನಮಗಿಂತ ಮುಂಚೆ ಹೋದ ದೇಶ ದಕ್ಷಿಣ ಕೊರಿಯಾ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಜನ ಖರ್ಚು ಮಾಡಲಿ, ಅಂಗಡಿಗಳ ವ್ಯಾಪಾರ ತೆರಿಗೆ ಲೆಕ್ಕಕ್ಕೆ ಸಿಗಲಿ ಅಂತ ಸರ್ಕಾರವೇ ಕಾರ್ಡ್ ಬಳಕೆಗೆ ಆದಾಯ ತೆರಿಗೆ ವಿನಾಯಿತಿ ಕೊಡ್ತು. ಕಾರ್ಡ್ ರಸೀದಿಗಳಿಗೆ ಲಾಟರಿ ಕೂಡ ಇತ್ತು. ಜನ ಒಂದು ಕಾರ್ಡಿನ ಸಾಲವನ್ನ ಇನ್ನೊಂದರಿಂದ ತೀರಿಸತೊಡಗಿದ್ರು. 2003ರಲ್ಲಿ ಎಲ್ಲ ಕುಸಿದು, ಎಲ್‌ಜಿ ಕಾರ್ಡ್‌ನಂಥ ದೊಡ್ಡ ಕಂಪನಿಯನ್ನೇ ಸಾಲ ಕೊಟ್ಟ ಬ್ಯಾಂಕುಗಳು ಎತ್ತಿ ಹಿಡೀಬೇಕಾಯ್ತು. ನಮ್ಮ ರಿಸರ್ವ್ ಬ್ಯಾಂಕೂ 2023ರ ನವೆಂಬರ್‌ನಲ್ಲಿ ಇಂಥ ಅಡಮಾನವಿಲ್ಲದ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಬಂಡವಾಳ ಎತ್ತಿಡೋ ಹಾಗೆ ನಿಯಮ ಬಿಗಿ ಮಾಡ್ತು.

ಹಾಗಾದ್ರೆ ಕಾರ್ಡ್ ಬೇಡ್ವಾ?

ಬೇಕು. ನಾನೂ ಇಟ್ಕೊಂಡಿದ್ದೀನಿ. ಮೂರೇ ಅಭ್ಯಾಸ ಮಾಡ್ಕೊಂಡಿದ್ದೀನಿ:

1. ಆಟೋ ಪೇ ಹಾಕುವಾಗ "ಟೋಟಲ್ ಡ್ಯೂ" ಆರಿಸಿ. "ಮಿನಿಮಮ್ ಡ್ಯೂ" ಆಯ್ಕೆಯೂ ಅಲ್ಲೇ ಪಕ್ಕದಲ್ಲಿರುತ್ತೆ, ನೋಡಿ ಒತ್ತಿ.
2. ಬ್ಯಾಂಕ್ ಎರಡು ಲಕ್ಷ ಲಿಮಿಟ್ ಕೊಟ್ಟಿರಬಹುದು. ಪಗಾರದಲ್ಲಿ ಬಾಡಿಗೆ, ಊರಿಗೆ ಕಳಿಸೋದು ಕಳೆದು ಉಳಿಯೋದು ನಿಮ್ಮ ಲಿಮಿಟ್. ಆ್ಯಪ್‌ನಲ್ಲಿ ನೀವೇ ಅದನ್ನ ಇಳಿಸಬಹುದು.
3. ಬೇಡದ ಕಾರ್ಡ್ ಮುಚ್ಚಿಸಿ. ಬಾಕಿ ಇಲ್ಲದಿದ್ರೆ, ಕೋರಿಕೆ ಕೊಟ್ಟ 7 ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು. ತಡವಾದ್ರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ.

ಈಗಾಗಲೇ ಸಿಕ್ಕಿಹಾಕೊಂಡಿದ್ರೆ? ಮೊದಲು ಆ ಕಾರ್ಡ್ ಬಳಸೋದು ನಿಲ್ಲಿಸಿ. ಬಾಕಿಯನ್ನ ಇಎಂಐಗೆ ಬದಲಾಯಿಸಿ, ಇಲ್ಲಾ ಕಡಿಮೆ ಬಡ್ಡಿಯ ಪರ್ಸನಲ್ ಲೋನ್ ತಗೊಂಡು ಒಂದೇ ಏಟಿಗೆ ತೀರಿಸಿ. ನಾನು ಹೊರಬಂದಿದ್ದು ಹಾಗೇ. ಮನೆಯವರಿಗೆ ಹೇಳೋಕೆ ನಾಚ್ಕೋಬೇಡಿ. ನಾನು ಹೇಳಿದಾಗ ಅಪ್ಪ ಬೈಯಲಿಲ್ಲ. "ಉದ್ರಿ ಮಾಡೂದು ತಪ್ಪಲ್ಲೋ, ಒಂದನೇ ತಾರೀಖು ಮರೀಬಾರದು" ಅಂದ್ರು.

ಆ ಹುಡುಗ ಅವತ್ತೇ ಪೂರ್ತಿ ಕಟ್ಟಿದ. ನಿಮ್ಮದೂ ಆಟೋ ಪೇ ಯಾವುದಕ್ಕೆ ಹಾಕಿದೆ ಅಂತ ಈಗಲೇ ಒಮ್ಮೆ ತೆರೆದು ನೋಡಿ. ಮತ್ತೆ ಸಿಗೋಣ.