ಈಥ್0 ಹೋಗಿ ಇಎನ್‌ಪಿ3ಎಸ್0 ಬಂದದ್ದೇಕೆ?

ಲಿನಕ್ಸ್‌ನಲ್ಲಿ ‘ಐಪಿ ಲಿಂಕ್’ ಎಂದು ಟೈಪಿಸಿ, ನೆಟ್‌ವರ್ಕ್ ಕಾರ್ಡಿಗೆ ಇಎನ್‌ಪಿ3ಎಸ್0 ಎಂಬಂಥ ಹೆಸರು ಕಂಡು ಮೂಗು ಮುರಿದವರು ಬಹಳ. ಚೆನ್ನಾಗಿದ್ದ ಈಥ್0ಅನ್ನು ಯಾರೋ ಸುಮ್ಮನೆ ಕೆಡಿಸಿದರು ಎಂಬ ಗೊಣಗಾಟ ಇನ್ನೂ ನಿಂತಿಲ್ಲ. ಒಂದೇ ಕಾರ್ಡ್ ಇರುವ ಯಂತ್ರದ ಮಟ್ಟಿಗೆ ಅದು ನ್ಯಾಯವೇ. ಎರಡಿದ್ದರೆ ಕತೆ ಬೇರೆ. ಕರ್ನಲ್ ಈಥ್0, ಈಥ್1 ಎಂದು ಹಂಚುವುದು ಕಾರ್ಡ್‌ಗಳು ಕಣ್ಣಿಗೆ ಬಿದ್ದ ಸರದಿಯಲ್ಲಿ. ಆ ಸರದಿ ಪ್ರತಿ ಬೂಟ್‌ಗೂ ಒಂದೇ ಇರುತ್ತದೆಂಬ ಖಾತರಿಯಿಲ್ಲ. ಫೈರ್‌ವಾಲ್ ಯಂತ್ರದಲ್ಲಿ ಹೆಸರು ಅದಲುಬದಲಾದರೆ, ಹೊರಗಿನವರಿಗೆ ಹಾಕಿದ ಬೇಲಿ ಒಳಗಿನವರನ್ನು ತಡೆಯುತ್ತದೆ.

ಇದಕ್ಕೆ ಪರಿಹಾರವಾಗಿಯೇ 2013ರಲ್ಲಿ ಸಿಸ್ಟಮ್‌ಡಿ 197ನೇ ಆವೃತ್ತಿ ಕಾರ್ಡ್ ಕೂತಿರುವ ಜಾಗದಿಂದ ಹೆಸರು ಕಟ್ಟತೊಡಗಿತು. ಇಎನ್ ಎಂದರೆ ಈಥರ್ನೆಟ್, ಪಿ3 ಎಂದರೆ ಪಿಸಿಐ ಬಸ್ 3, ಎಸ್0 ಎಂದರೆ ಸ್ಲಾಟ್ 0. ವೈಫೈ ಆದರೆ ಡಬ್ಲ್ಯುಎಲ್. ಒಂದು ಕಿರಿಕಿರಿ ಇದೆ: ಹೆಸರಿನಲ್ಲಿರುವುದು ದಶಮಾನ ಸಂಖ್ಯೆ, ‘ಎಲ್‌ಎಸ್‌ಪಿಸಿಐ’ ತೋರಿಸುವುದು ಹೆಕ್ಸ್. ಅಲ್ಲಿ 3ಬಿ ಎಂದು ಕಾಣುವ ವೈಫೈ ಕಾರ್ಡೇ ಇಲ್ಲಿ ಡಬ್ಲ್ಯುಎಲ್‌ಪಿ59ಎಸ್0.

ಹಾಗಾದರೆ ಈ ಹೆಸರು ಎಂದೂ ಬದಲಾಗದೇ? ಬದಲಾಗುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಡಿಸ್ಕೋ ಸೇರಿಸಿದಾಗ ಬಸ್ ಸಂಖ್ಯೆಗಳು ಸರಿದು ಇಎನ್‌ಪಿ3ಎಸ್0 ಇಎನ್‌ಪಿ4ಎಸ್0 ಆಗಬಹುದು. ಡಿಸ್ಕ್ ಹಾಕಿದ್ದಕ್ಕೆ ನೆಟ್‌ವರ್ಕ್ ಹೋಯಿತೆಂದು ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

ಬೂಟ್ ಸಾಲಿಗೆ ‘ನೆಟ್.ಇಫ್‌ನೇಮ್ಸ್=0’ ಸೇರಿಸಿದರೆ ಹಳೆಯ ಹೆಸರು ಮರಳುತ್ತದೆ, ನಿಜ; ಹಳೆಯ ಲಾಟರಿಯೂ ಮರಳುತ್ತದೆ. ‘ಐಪಿ ಲಿಂಕ್ ಸೆಟ್’ನಿಂದ ಕೊಟ್ಟ ಹೆಸರು ರೀಬೂಟ್‌ವರೆಗೆ ಮಾತ್ರ.

ಸ್ವಂತ ಹೆಸರು ಉಳಿಯಬೇಕೆಂದರೆ ಇಟಿಸಿಯೊಳಗಿನ ಸಿಸ್ಟಮ್‌ಡಿ/ನೆಟ್‌ವರ್ಕ್ ಫೋಲ್ಡರಿನಲ್ಲಿ ‘10-ಲ್ಯಾನ್0.ಲಿಂಕ್’ ಎಂಬ ಫೈಲ್ ಸಾಕು. ‘ಮ್ಯಾಚ್’ ಭಾಗದಲ್ಲಿ ಕಾರ್ಡಿನ ಮ್ಯಾಕ್ ವಿಳಾಸ, ‘ಲಿಂಕ್’ ಭಾಗದಲ್ಲಿ ಹೆಸರು. ಹೊಂದುವ ಮೊದಲ ಫೈಲ್ ಮಾತ್ರ ಜಾರಿಯಾಗುವುದರಿಂದ ಅದು ಸಿಸ್ಟಮ್‌ಡಿಯದೇ ಆದ ‘99-ಡೀಫಾಲ್ಟ್.ಲಿಂಕ್’ ಫೈಲ್‌ಗಿಂತ ಮುಂದಿರಬೇಕು. ಬರಿಯ ‘ಮ್ಯಾಕ್‌ಅಡ್ರೆಸ್’ ಬದಲು ‘ಪರ್ಮನೆಂಟ್‌ಮ್ಯಾಕ್‌ಅಡ್ರೆಸ್’ ಬರೆಯುವುದೇ ಕ್ಷೇಮ, ಏಕೆಂದರೆ ಬ್ರಿಡ್ಜ್, ವಿಲ್ಯಾನ್‌ಗಳು ಮೂಲ ಕಾರ್ಡಿನ ಮ್ಯಾಕನ್ನೇ ಎರವಲು ಪಡೆಯುತ್ತವೆ. ಹೆಸರಿಗೆ 15 ಅಕ್ಷರದ ಮಿತಿ. ಈಥ್0 ಎಂದೇ ಇಡುವ ಆಸೆ ಬೇಡ. ಕರ್ನಲ್ ಅದನ್ನು ಅಷ್ಟರಲ್ಲೇ ಇನ್ನೊಂದು ಕಾರ್ಡಿಗೆ ಕೊಟ್ಟಿರಬಹುದು. ಡೆಬಿಯನ್, ಉಬುಂಟುಗಳಲ್ಲಿ ಇನಿಟ್‌ರ‍್ಯಾಮ್‌ಎಫ್‌ಎಸ್ ಕೂಡ ನವೀಕರಿಸಬೇಕು. ಇಲ್ಲದಿದ್ದರೆ ಬೂಟ್‌ನ ಆರಂಭದಲ್ಲೇ ಹಳೆಯ ನಿಯಮ ಜಾರಿಯಾಗಿ, ಫೈಲ್ ಕೆಲಸ ಮಾಡಲಿಲ್ಲವೆಂದು ಬೈದುಕೊಳ್ಳುತ್ತ ಕೂರಬೇಕಾದೀತು.

ಒಂದು ಕಾರ್ಡಿಗೆ ಒಂದೇ ಹೆಸರು ಎಂಬುದೂ ಈಗ ಹಳೆಯ ಮಾತು. ಕರ್ನಲ್ 5.5ರಿಂದ ‘ಆಲ್ಟ್‌ನೇಮ್’ ಎಂಬ ಅಡ್ಡಹೆಸರು ಇಡಬಹುದು, ಅದಕ್ಕೆ 15 ಅಕ್ಷರದ ಕಟ್ಟೂ ಇಲ್ಲ. ‘ಐಪಿ’ ಕಮಾಂಡ್ ಅದನ್ನು ಒಪ್ಪುತ್ತದೆ. ಐಪಿಟೇಬಲ್ಸ್ ನಿಯಮಗಳು ಮಾತ್ರ ಮೂಲ ಹೆಸರನ್ನೇ ನೋಡುತ್ತವೆ.